ಡಂಕರ್ಕ್ ಸಿನಿಮಾದಲ್ಲಿ ನಮ್ಮವರು ಒಬ್ಬರೂ ಕಾಣಲ್ಲ. ಅದು ತಪ್ಪಾ?

ಒಂಟಿಕೊಪ್ಪಲ್ ಹುಡುಗ
ನಮ್ಮದೊಂದು ಸಣ್ಣ ಗುಂಪಿದೆ. ತಿಂಗಳಿಗೊಂದು ಸಿನಿಮಾ ಹಾಕಿಕೊಂಡು ನೋಡುತ್ತೇವೆ, ಆಮೇಲೆ ಜಗಳ ಆಡುತ್ತೇವೆ. ಈ ಸಲ ಕ್ರಿಸ್ಟೋಫರ್ ನೋಲನ್ ಅವರ ‘ಡಂಕರ್ಕ್’ (2017). 1940ರಲ್ಲಿ ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಜರ್ಮನ್ನರ ಬಲೆಗೆ ಸಿಕ್ಕಿದ್ದ ಬ್ರಿಟಿಷ್, ಫ್ರೆಂಚ್ ಸೈನಿಕರನ್ನು ಹಡಗು, ದೋಣಿಗಳಲ್ಲಿ ಪಾರು ಮಾಡಿದ ಕಥೆ. ಮುಗಿದ ಮೇಲೆ ಒಬ್ಬಳು, “ಅಲ್ಲಿ ಭಾರತದ ಸೈನಿಕರೂ ಇದ್ದರಂತೆ, ಒಂದು ಮುಖವೂ ಇಲ್ವಲ್ಲ?” ಅಂದಳು. ಇನ್ನೊಬ್ಬ, “ಅವರ ಕಥೆ, ಅವರ ದುಡ್ಡು. ನಮ್ಮವರನ್ನು ಯಾಕೆ ತೂರಿಸಬೇಕು?” ಅಂದ. ಅಲ್ಲಿಂದ ಶುರುವಾಯಿತು.

ನನಗೆ ಎರಡೂ ಕಡೆ ಅರ್ಧರ್ಧ ಸರಿ ಅನ್ನಿಸಿತು. ಇದ್ದವರನ್ನು ಬಿಟ್ಟರೆ ಅದು ಇತಿಹಾಸಕ್ಕೆ ಮೋಸ. ಇಲ್ಲದ ಕಡೆ ತಂದು ನಿಲ್ಲಿಸಿದರೂ ಮೋಸವೇ. ಗೆರೆ ಎಲ್ಲಿ ಎಳೆಯೋದು? ಯುದ್ಧದ ಸಿನಿಮಾ ನೋಡುವವರು, ಇತಿಹಾಸ ಓದಿದವರು ಹೇಳಿ. ರಾಜಕೀಯ ಪಕ್ಷಗಳನ್ನು ಎಳೆದು ತರಬೇಡಿ, ದಯವಿಟ್ಟು.

ಸಕ್ಕರೆ ನಾಡು
ಮೊದಲು ಆ ಸಿನಿಮಾದಲ್ಲಿ ಯಾರು ಏನು ಮಾತಾಡುತ್ತಾರೆ ಅಂತ ಕೇಳಿಸಿದ್ದರೆ ಹೇಳಪ್ಪ. ಅರ್ಧ ಗುಂಡಿನ ಸದ್ದು, ಇನ್ನರ್ಧ ವಿಮಾನದ ಸದ್ದು.

ಕೆ ಬ್ಲಾಕ್ ಕುವೆಂಪುನಗರ
ಇದ್ದರು ಅನ್ನುವುದರಲ್ಲಿ ಅನುಮಾನವೇ ಬೇಡ. ಬ್ರಿಟಿಷ್ ಸೇನೆ ಆ ಹೊತ್ತಿಗೆ ಪೂರ್ತಿ ಲಾರಿಗಳ ಮೇಲೆ ನಿಂತಿತ್ತು. ಚಳಿಗಾಲದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಸಾಮಾನು ಸಾಗಿಸೋಕೆ ಪ್ರಾಣಿಗಳು ಬೇಕಾದವು, ಅವರ ಹತ್ತಿರ ಇರಲಿಲ್ಲ. ಭಾರತದಿಂದ ಹೇಸರಗತ್ತೆಗಳ ಕಂಪನಿಗಳನ್ನು, ಅಂದರೆ ಸೈನ್ಯದ ತುಕಡಿಗಳನ್ನು, ತರಿಸಿಕೊಂಡರು. ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನವರು. ‘ಫೋರ್ಸ್ ಕೆ-6’ ಅಂತ ಹೆಸರು. 1939ರ ಡಿಸೆಂಬರ್‌ನಲ್ಲಿ ಮಾರ್ಸೇ ಬಂದರಿಗೆ ಬಂದಿಳಿದರು. ಹೆಚ್ಚಿನವರು ಪಂಜಾಬಿ ಮುಸ್ಲಿಮರು.

1940ರ ಮೇ ತಿಂಗಳಲ್ಲಿ ಜರ್ಮನ್ನರು ನುಗ್ಗಿದಾಗ ಇವರೂ ಡಂಕರ್ಕ್ ಕಡೆ ಹಿಮ್ಮೆಟ್ಟಿದರು. ಪ್ರಾಣಿಗಳನ್ನು ಅಲ್ಲೇ ಬಿಟ್ಟು ಹಡಗು ಹತ್ತಬೇಕಾಯಿತು. ಒಂದು ಕಂಪನಿ ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಾಯಿತು. ಒಳ್ಳೆ ಸಿನಿಮಾಕ್ಕೆ ಇಷ್ಟು ಸಾಲದಾ? ವರ್ಷಗಟ್ಟಲೆ ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗು ಅಂದರೆ ಆ ಸವಾರನಿಗೆ ಹೇಗಾಗಿರಬೇಡ.

ಲೆಕ್ಕದ ಮನುಷ್ಯ
ಸರ್, ಕಥೆ ಚೆನ್ನಾಗಿದೆ. ಲೆಕ್ಕವನ್ನೂ ನೋಡಿ. ಡಂಕರ್ಕ್‌ನಿಂದ ಪಾರಾದವರು ಸುಮಾರು 3,38,000. ನಮ್ಮವರು ಕೆಲವು ನೂರು. ಅಂದರೆ ಸಾವಿರಕ್ಕೆ ಒಬ್ಬರೋ ಇಬ್ಬರೋ. ಕ್ಯಾಮೆರಾ ಒಬ್ಬ ಹುಡುಗನ ಹಿಂದೆ ಓಡುತ್ತಿದೆ, ಒಬ್ಬ ಪೈಲಟ್ ಜೊತೆ ಹಾರುತ್ತಿದೆ, ಒಂದು ದೋಣಿಯಲ್ಲಿ ಕೂತಿದೆ. ಅವರ ಕಣ್ಣಿಗೆ ಬಿದ್ದಷ್ಟೇ ನಮಗೂ ಕಾಣೋದು. ಹತ್ತು ಕಿಲೋಮೀಟರ್ ಸಮುದ್ರ ತೀರದಲ್ಲಿ ಆ ಹುಡುಗನಿಗೆ ಪಂಜಾಬಿ ಸವಾರ ಎದುರಾಗಲೇಬೇಕು ಅಂತ ಏನಿದೆ?

ಪುಟ್ಟಿ ಸರಸ್ವತಿಪುರಂ
ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಸಿನಿಮಾದಲ್ಲಿ ಬರುವ ಪೈಲಟ್‌ಗಳು ಶೇಕಡಾ ಎಷ್ಟಿದ್ದರು? ಕಥೆ ಆರಿಸುವಾಗ ಯಾರೂ ಶೇಕಡಾ ನೋಡಲ್ಲ. ನಮ್ಮವರು ಅಂದ ಕೂಡಲೇ ಕ್ಯಾಲ್ಕುಲೇಟರ್ ಹೊರಗೆ ಬರುತ್ತೆ.

ಲೆಕ್ಕದ ಮನುಷ್ಯ
ಮೇಡಂ, ಹಾಗಾದರೆ ಪೋಲೆಂಡಿನವರು, ಬೆಲ್ಜಿಯಂನವರು ಎಲ್ಲರಿಗೂ ಒಂದೊಂದು ಸೀನ್ ಕೊಡಬೇಕಾಗುತ್ತೆ. ಸಿನಿಮಾ ಅಲ್ಲ, ಹಾಜರಿ ಪುಸ್ತಕ ಆಗುತ್ತೆ.

ಕೆ ಬ್ಲಾಕ್ ಕುವೆಂಪುನಗರ
ಫ್ರೆಂಚರ ವಿಷಯಕ್ಕೂ ಬೇಜಾರಿತ್ತು ಗೊತ್ತಾ? ಪಾರಾದವರಲ್ಲಿ 1,20,000ಕ್ಕೂ ಜಾಸ್ತಿ ಫ್ರೆಂಚ್ ಕಡೆಯವರು. ಅವರ ಸೇನೆ ಹಿಂದೆ ನಿಂತು ಜರ್ಮನ್ನರನ್ನು ತಡೆದದ್ದಕ್ಕೇ ಹಡಗುಗಳು ತುಂಬಿದ್ದು. ಸಿನಿಮಾದಲ್ಲಿ ಫ್ರೆಂಚ್ ಹುಡುಗನೊಬ್ಬ ಬ್ರಿಟಿಷ್ ಬಟ್ಟೆ ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಇರುತ್ತಾನೆ. ಅದಷ್ಟು ಚೆನ್ನಾಗಿ ಬಂದಿದೆ. ಕಡೆಯಲ್ಲಿ ಆ ನೌಕಾಪಡೆಯ ಅಧಿಕಾರಿ “ಫ್ರೆಂಚರಿಗಾಗಿ ಇಲ್ಲೇ ಇರುತ್ತೇನೆ” ಅನ್ನುತ್ತಾನೆ. ಅಷ್ಟೇ. ಹಾಜರಿ ಪುಸ್ತಕ ಬೇಡ ಸ್ವಾಮಿ, ಆದರೆ ಮೂರನೇ ಒಂದು ಭಾಗ ಜನರಿಗೆ ಒಂದು ಮಾತು ಕಮ್ಮಿ ಅಲ್ವಾ?

ಪಾಂಡವಪುರದ ಪೈಲ್ವಾನ್
ಲೋ ನೋಡಿದ್ದು ಇಂಗ್ಲಿಷ್ ಸಿನಿಮಾ, ಜಗಳ ಪಂಜಾಬಿಗಳಿಗೆ, ಕಿತ್ತಾಡುತ್ತಿರೋದು ಮೈಸೂರಿನವರು. ಊಟ ಆಯ್ತಾ ಎಲ್ಲರದ್ದು?

ಜಲದರ್ಶಿನಿ ರೋಡ್
ತೂರಿಸಿದರೆ ಏನಾಗುತ್ತೆ ಅನ್ನೋದಕ್ಕೆ ‘1917’ ನೋಡಿ. ಮೊದಲ ಮಹಾಯುದ್ಧದ ಕಥೆ, 2019ರ ಸಿನಿಮಾ, ಸ್ಯಾಮ್ ಮೆಂಡಿಸ್ ಅವರದ್ದು. ಲಾರಿಯಲ್ಲಿ ಬ್ರಿಟಿಷ್ ಸೈನಿಕರ ಮಧ್ಯೆ ಒಬ್ಬ ಸಿಖ್ ಸೈನಿಕ ಕೂತಿರುತ್ತಾನೆ. ಒಬ್ಬ ಬ್ರಿಟಿಷ್ ನಟ ‘ಇದು ಬೇಕಂತಲೇ ತುರುಕಿದ್ದು’ ಅಂತ ಗಲಾಟೆ ಎಬ್ಬಿಸಿದ. ಜನ ಇತಿಹಾಸ ತೆಗೆದು ತೋರಿಸಿದ ಮೇಲೆ ಸಿಖ್ಖರ ಕ್ಷಮೆ ಕೇಳಿದ.

ನಿವೃತ್ತ ಮೇಷ್ಟ್ರು
ಸ್ವಲ್ಪ ನಿಧಾನ. ಆ ನಟನದ್ದು ತಪ್ಪು ಮಾತು. ಹಾಗಂತ ಆ ದೃಶ್ಯ ಪೂರ್ತಿ ಸರಿ ಅಂತಲೂ ಅಲ್ಲ.

ಮೊದಲ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ಸಮುದ್ರ ದಾಟಿ ಹೋದರು. 74,000ಕ್ಕೂ ಹೆಚ್ಚು ಜನ ಸತ್ತರು. ಆದರೆ ಫ್ರಾನ್ಸಿನಲ್ಲಿದ್ದ ಭಾರತದ ಕಾಲಾಳು ಪಡೆಯನ್ನು 1915ರ ಕೊನೆಗೆ ಅಲ್ಲಿಂದ ತೆಗೆದು ಮೆಸೊಪೊಟೇಮಿಯಾ ಕಡೆ ಕಳಿಸಿದ್ದರು. ಸಿನಿಮಾದ ಕಥೆ ನಡೆಯುವುದು 1917ರ ಏಪ್ರಿಲ್‌ನಲ್ಲಿ. ಆಗ ಅಲ್ಲಿ ಇದ್ದದ್ದು ನಮ್ಮ ಕುದುರೆ ಪಡೆ, ಅದೂ ತನ್ನದೇ ರೆಜಿಮೆಂಟಿನಲ್ಲಿ. ಸ್ವಲ್ಪ ತಿಂಗಳಿಗೆ ಲೇಬರ್ ಕೋರ್ ಬಂತು. ನಾಗಾಗಳು, ಸಂತಾಲರು, ಮಿಜೋ ಬೆಟ್ಟದವರು. ರಸ್ತೆ ಮಾಡೋಕೆ, ಮರ ಕಡಿಯೋಕೆ, ಹಡಗಿನಿಂದ ಮೂಟೆ ಇಳಿಸೋಕೆ. ಬ್ರಿಟಿಷ್ ಪಡೆಯ ಲಾರಿಯಲ್ಲಿ ಒಬ್ಬನೇ ಸಿಖ್ ಕೂತಿರುವುದು ಅಪರೂಪದ ಮಾತು.

ಈ ಒಂಟಿ ಸಿಖ್ಖನೇ ನನಗೆ ಕಿರಿಕಿರಿ. ಅವನ ಹಿಂದೆ ಇದ್ದ ಇಡೀ ಪಡೆ ಮಾಯ. ಬಿಳಿಯರ ನಡುವೆ ಒಬ್ಬ ಸ್ನೇಹಿತನಾಗಿ ಕೂತ. ನಾವು “ಅಬ್ಬಾ, ನಮ್ಮವನೊಬ್ಬ ಬಂದ” ಅಂತ ಖುಷಿಪಟ್ಟೆವು.

ಜಲದರ್ಶಿನಿ ರೋಡ್
ಮೇಷ್ಟ್ರೇ, ಆ ಒಬ್ಬ ಬಂದದ್ದಕ್ಕೇ ತಾನೇ ನೀವೀಗ ಲೇಬರ್ ಕೋರ್ ಕಥೆ ಹೇಳಿದ್ದು? ಅವನೂ ಇಲ್ಲದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು
ನಾನು ಆ ಕಥೆಯನ್ನು ಸಿನಿಮಾ ಬರುವ ಮೊದಲಿನಿಂದಲೂ ಹೇಳುತ್ತಿದ್ದೇನೆ. ಕೇಳುವವರು ಇರಲಿಲ್ಲ, ಅಷ್ಟೇ.

ಸೀಬಯ್ಯನ ರೋಡ್ ಸ್ಟಾರ್
ದೂರದ ಪಂಜಾಬ್ ಯಾಕೆ? ನಮ್ಮ ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಮೇಲೆ ಯಾರೂ ದೊಡ್ಡ ಸಿನಿಮಾ ಮಾಡಿಲ್ಲ. ಅದಕ್ಕೆ ಯಾರನ್ನು ಬೈಯೋಣ, ನೋಲನ್ ಅವರನ್ನಾ?

ಪುಟ್ಟಿ ಸರಸ್ವತಿಪುರಂ
ಲ್ಯಾನ್ಸರ್ಸ್ ಅಂದರೆ ಹೈಫಾದವರು ತಾನೆ? ಪೂರ್ತಿ ಹೇಳಿ ಸರ್, ಕೇಳಿದವರು ಕಮ್ಮಿ.

ನಿವೃತ್ತ ಮೇಷ್ಟ್ರು
ನಾನೇ ಹೇಳುತ್ತೇನೆ. ಯುದ್ಧ ಶುರುವಾದಾಗ ನಾಲ್ವಡಿಯವರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು. 1914ರ ದುಡ್ಡು, ಊಹೆ ಮಾಡಿಕೊಳ್ಳಿ. ಸಂಸ್ಥಾನದ ಕುದುರೆ ಪಡೆಯೂ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯಿತು. ಆಮೇಲೆ ಪ್ಯಾಲೆಸ್ಟೈನ್.

1918ರ ಸೆಪ್ಟೆಂಬರ್ 23. ಹೈಫಾ ಊರು ತುರ್ಕರ ಕೈಯಲ್ಲಿತ್ತು. ಜೊತೆಗೆ ಜರ್ಮನ್ನರ, ಆಸ್ಟ್ರಿಯನ್ನರ ಫಿರಂಗಿಗಳು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜೌಗು. ಮೈಸೂರಿನವರ ಒಂದು ತುಕಡಿ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ, ಕತ್ತಿ. ಊರು ಅವತ್ತೇ ಬಿತ್ತು. 1,350 ಜನ ಸೆರೆ ಸಿಕ್ಕರು, 17 ಫಿರಂಗಿ ವಶವಾದವು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು.

ದೆಹಲಿಯ ತೀನ್ ಮೂರ್ತಿ ನೋಡಿದ್ದೀರಲ್ಲ? ಆ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವು. 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರನ್ನೂ ಸೇರಿಸಿದರು.

ಸಕ್ಕರೆ ನಾಡು
ಸ್ಮಾರಕ ಮೈಸೂರಲ್ಲೇ ಯಾಕಿಲ್ಲ? ಬೆಂಗಳೂರಲ್ಲಿದೆಯಂತೆ. ಎಲ್ಲಾ ಬೆಂಗಳೂರಿಗೇ.

ಕೆ ಬ್ಲಾಕ್ ಕುವೆಂಪುನಗರ
ಲ್ಯಾನ್ಸರ್ಸ್ ಪಡೆಯ ಬಿಡಾರಗಳು ಇದ್ದದ್ದೇ ಬೆಂಗಳೂರಲ್ಲಿ. ಜೆ.ಸಿ. ನಗರದ ಕಡೆ. ಸ್ಮಾರಕವೂ ಅಲ್ಲೇ. ಇದರಲ್ಲಿ ಬೆಂಗಳೂರನ್ನು ಬೈಯೋಕೆ ಏನೂ ಇಲ್ಲ ಗುರು.

ಸಕ್ಕರೆ ನಾಡು
ಬೇರೆ ಕಾರಣ ಹುಡುಕುತ್ತೇನೆ ಬಿಡಿ.

ಪುಟ್ಟಿ ಸರಸ್ವತಿಪುರಂ
ಇಲ್ಲಿ ಒಂದು ಮಾತು. ನಾಳೆ ಯಾರೋ ಹೈಫಾ ಸಿನಿಮಾ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಪೋಸ್ಟರ್ ಹೇಗಿರುತ್ತೆ? ಹಣೆಗೆ ಕುಂಕುಮ, ಕೈಯಲ್ಲಿ ಕತ್ತಿ, ಹಿಂದೆ ಬೆಂಕಿ. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಮುಸ್ಲಿಮರು ಇದ್ದರು, ಮರಾಠರು ಇದ್ದರು, ಅರಸು ಮನೆತನದವರು ಇದ್ದರು. ಮುಸ್ಲಿಂ ಸವಾರರು ಇಸ್ತಾಂಬುಲ್‌ನ ಖಲೀಫನ ಸೇನೆಯ ಮೇಲೆ ಯುದ್ಧಕ್ಕೆ ಹೋದರು. ಅವರ ಮನಸ್ಸಲ್ಲಿ ಏನಿತ್ತು? ನನಗೆ ಬೇಕಾದ ಸಿನಿಮಾ ಅದು. ನಮ್ಮ ನಿರ್ಮಾಪಕರು ಮಾಡುತ್ತಾರಾ? ನೋಲನ್ ಅವರು ಪಂಜಾಬಿ ಮುಸ್ಲಿಮನನ್ನು ಬಿಟ್ಟರು ಅಂತ ಅಳುವ ನಾವು, ಮೈಸೂರಿನ ಮುಸ್ಲಿಮನನ್ನು ಇಟ್ಟುಕೊಳ್ಳುತ್ತೇವಾ?

ಲೆಕ್ಕದ ಮನುಷ್ಯ
ಇದು ಮಾತ್ರ ಸರಿಯಾದ ಪ್ರಶ್ನೆ.

ಜಲದರ್ಶಿನಿ ರೋಡ್
ಇನ್ನೂ ಒಂದಿದೆ. ಅವರು ಹೋರಾಡಿದ್ದು ಯಾರಿಗಾಗಿ? ಸಾಮ್ರಾಜ್ಯಕ್ಕಾಗಿ. ಇವತ್ತು ಅದನ್ನು ದೇಶಭಕ್ತಿ ಸಿನಿಮಾ ಮಾಡಿದರೆ ಅದೂ ಸುಳ್ಳೇ. ಸಂಬಳಕ್ಕೆ ಹೋದವರು, ರಾಜರ ಮಾತಿಗೆ ಹೋದವರು, ಊರಲ್ಲಿ ಕೆಲಸ ಇಲ್ಲದೆ ಹೋದವರು. ಕಾಣಿಸಿಕೊಂಡರೆ ಸಾಲದು, ಇದ್ದ ಹಾಗೆ ಕಾಣಿಸಬೇಕು.

ಮದ್ದೂರು ಹಳ್ಳಿಕಾರ್
ತಡವಾಗಿ ಬಂದೆ. ಹಾಲು ಕರೆಯೋ ಹೊತ್ತು. ಮೇಲಿಂದ ಎಲ್ಲಾ ಓದಿದೆ. ನನಗೆ ಅನ್ನಿಸೋದು ಬೇರೆ.

ಕೆ ಬ್ಲಾಕ್ ಅಣ್ಣ ಹೇಳಿದ ಡಂಕರ್ಕ್‌ನವರು ಏನು ಮಾಡುತ್ತಿದ್ದರು? ಹೇಸರಗತ್ತೆ ಹೊಡೆಯುತ್ತಿದ್ದರು. ಮೇಷ್ಟ್ರು ಹೇಳಿದ ನಾಗಾಗಳು? ಮೂಟೆ ಹೊರುತ್ತಿದ್ದರು. ಯುದ್ಧದ ಸಿನಿಮಾ ಬಂದೂಕು ಹಿಡಿದವನನ್ನು ಮಾತ್ರ ಸೈನಿಕ ಅಂತ ಎಣಿಸುತ್ತೆ. ಕಪ್ಪು ಬಿಳುಪು ಆಮೇಲಿನ ಮಾತು. ಸಾಮಾನು ಹೊತ್ತವನು, ಅಡುಗೆ ಮಾಡಿದವನು, ಗಾಯಗೊಂಡವನನ್ನು ಡೋಲಿಯಲ್ಲಿ ಹೊತ್ತವನು ಕ್ಯಾಮೆರಾಗೆ ಬೇಡ. ಬ್ರಿಟಿಷರು ನಮ್ಮವರನ್ನು ಜಾಸ್ತಿ ಹಾಕಿದ್ದು ಆ ಕೆಲಸಕ್ಕೇ. ಅದಕ್ಕೇ ನಮ್ಮವರು ಮಾಯ.

ಇದು ಅವರ ಸಿನಿಮಾದ ಕಥೆ ಅಷ್ಟೇ ಅಲ್ಲ. ಟಿಪ್ಪು ಕಾಲದ ಯುದ್ಧಗಳನ್ನು ತಗೊಳ್ಳಿ. ಫಿರಂಗಿ ಎಳೆದದ್ದು ಯಾರು? ಅಮೃತಮಹಲ್ ಎತ್ತುಗಳು. ಆ ಎತ್ತುಗಳ ಬಲದಿಂದಲೇ ಸೈನ್ಯ ಅಷ್ಟು ವೇಗವಾಗಿ ಓಡಾಡುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಬೇಗ ಕೈ ಹಾಕಿದ್ದರಲ್ಲಿ ಆ ದನಗಳೂ ಒಂದು. ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿಗೆ ಅದರ ಬೆಲೆ ಗೊತ್ತಿತ್ತು. ನಮ್ಮ ಸಿನಿಮಾದವರಿಗೆ ಗೊತ್ತಿಲ್ಲ. ಸೀರಿಯಲ್‌ನಲ್ಲಿ ಫಿರಂಗಿ ತಾನಾಗೇ ಬಂದು ನಿಂತಿರುತ್ತೆ! ಎತ್ತು ಎಲ್ಲಿ, ಹೊಡೆಯುವವನು ಎಲ್ಲಿ?

ಮೈಸೂರಿನಿಂದ ಮೊದಲ ಮಹಾಯುದ್ಧಕ್ಕೆ ಲ್ಯಾನ್ಸರ್ಸ್ ಅಷ್ಟೇ ಹೋಗಲಿಲ್ಲ. ಸಾಮಾನು ಸಾಗಿಸುವ ಟ್ರಾನ್ಸ್‌ಪೋರ್ಟ್ ಕೋರ್ ಕೂಡ ಮೆಸೊಪೊಟೇಮಿಯಾಕ್ಕೆ ಹೋಯಿತು. ಈ ಚರ್ಚೆಯಲ್ಲೂ ಇಲ್ಲಿಯವರೆಗೆ ಯಾರೂ ಅವರ ಹೆಸರು ಎತ್ತಲಿಲ್ಲ. ಭರ್ಜಿ ಹಿಡಿದವರ ಕಥೆ ಮಾತ್ರ ಬಂತು.

ಒಂಟಿಕೊಪ್ಪಲ್ ಹುಡುಗ
ಅಣ್ಣಾ, ಈ ಕಡೆಯಿಂದ ನಾನು ಯೋಚನೆ ಮಾಡಿರಲೇ ಇಲ್ಲ.

ಕೆ ಬ್ಲಾಕ್ ಕುವೆಂಪುನಗರ
ಹಡಗಿನವರನ್ನೂ ಇದಕ್ಕೆ ಸೇರಿಸಿ. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಲಸ್ಕರರು, ಅಂದರೆ ನಮ್ಮ ಕಡೆಯ ನಾವಿಕರು. ಸಿಲ್ಹಟ್, ಗೋವಾ, ಕೊಂಕಣ ಕರಾವಳಿಯವರು. ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುವವರು. ಟಾರ್ಪಿಡೊ ಬಿದ್ದರೆ ಮೊದಲು ಸಾಯುವವರೂ ಅವರೇ.

ಲೆಕ್ಕದ ಮನುಷ್ಯ
ಹಳ್ಳಿಕಾರ್ ಅವರ ಮಾತು ಗಟ್ಟಿಯಾಗಿದೆ. ಆದರೆ ನಿರ್ದೇಶಕನ ಕಷ್ಟವೂ ಇದೆ. ಮೂಟೆ ಹೊರುವವನನ್ನು ಎರಡು ಗಂಟೆ ಯಾರು ನೋಡುತ್ತಾರೆ?

ಮದ್ದೂರು ಹಳ್ಳಿಕಾರ್
ದೋಣಿ ಕಾಯುತ್ತಾ ಸಾಲಿನಲ್ಲಿ ನಿಂತವನನ್ನು ಎರಡು ಗಂಟೆ ನೋಡಿದ್ರಲ್ಲ ಸಾರ್.

ಪಾಂಡವಪುರದ ಪೈಲ್ವಾನ್
😂😂 ಹೊಡೆದ್ರು ನೋಡಿ

ಗೃಹಿಣಿ ಗೋಕುಲಂ
ನಮ್ಮ ಸಿನಿಮಾದವರು ಯಾವಾಗಲೂ ರಾಜರನ್ನೇ ತೋರಿಸಿದ್ದಾರೆ ಅನ್ನೋದು ಪೂರ್ತಿ ನಿಜ ಅಲ್ಲ. 1972ರ ‘ನಾಗರಹಾವು’ ನೋಡಿ. ಪುಟ್ಟಣ್ಣನವರು ಇಡೀ ಚಿತ್ರದುರ್ಗದ ಯುದ್ಧವನ್ನು ಒಂದು ಹಾಡಿಗೆ ಇಳಿಸಿದರು. ಅದರಲ್ಲಿ ಮದಕರಿ ನಾಯಕ ದೊಡ್ಡವನಲ್ಲ. ಕಾವಲುಗಾರನ ಹೆಂಡತಿ ಓಬವ್ವ ದೊಡ್ಡವಳು. ಜಯಂತಿಯವರು ಒನಕೆ ಹಿಡಿದು ನಿಂತದ್ದನ್ನು ನಮ್ಮ ಕಾಲದ ಹೆಣ್ಣುಮಕ್ಕಳು ಯಾರೂ ಮರೆತಿಲ್ಲ. ಗಂಡನಿಗೆ ಊಟಕ್ಕೆ ನೀರು ತರೋಕೆ ಹೋದವಳು. ಹಳ್ಳಿಕಾರ್ ಅವರು ಹೇಳಿದ ಸಾಮಾನ್ಯ ಜನ ಅಂದರೆ ಇದೇ ಅಲ್ವಾ?

ಜಲದರ್ಶಿನಿ ರೋಡ್
ಅಕ್ಕಾ, ಒಪ್ಪುತ್ತೇನೆ. ಜೊತೆಗೆ ಓಬವ್ವ ಛಲವಾದಿ ಸಮುದಾಯದವಳು ಅನ್ನೋದನ್ನೂ ಹೇಳಬೇಕು. ‘ವೀರ ವನಿತೆ’ ಅಂತ ಕರೆಯುವಾಗ ಅದನ್ನು ನಾವು ಮೆಲ್ಲಗೆ ಬಿಟ್ಟುಬಿಡುತ್ತೇವೆ.

ಸಕ್ಕರೆ ನಾಡು
ನಮ್ಮ ಕಡೆಯಿಂದ ಒಂದು ದೂರು. ಆ ಕಿಂಡಿಯಲ್ಲಿ ತಲೆ ಹಾಕಿ ಸತ್ತವರು ಹೈದರಾಲಿ ಕಡೆಯವರು. ಅಂದರೆ ಶ್ರೀರಂಗಪಟ್ಟಣದಿಂದ ಸಂಬಳಕ್ಕೆ ಹೋದವರು, ನಮ್ಮ ಜಿಲ್ಲೆ ಹುಡುಗರೂ ಇದ್ದಿರಬಹುದು. ಅವರಿಗೆ ಒಂದು ಕ್ಲೋಸಪ್ ಕೂಡ ಇಲ್ಲ. 😄

ಗೃಹಿಣಿ ಗೋಕುಲಂ
ಕಿಂಡಿಯಲ್ಲಿ ನುಸುಳೋಕೆ ಬಂದವರಿಗೆ ಕ್ಲೋಸಪ್ ಬೇರೆ!

ನಿವೃತ್ತ ಮೇಷ್ಟ್ರು
ತಮಾಷೆಯಲ್ಲಿ ದೊಡ್ಡ ವಿಷಯ ಹೇಳಿದಿರಿ ಸಕ್ಕರೆ ನಾಡು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಮೇ 4ರಂದು ಕೋಟೆ ಹಿಡಿದ ಇಡೀ ಸೈನ್ಯದಲ್ಲಿ ಬಿಳಿಯರು ಕಮ್ಮಿ. ಬಹುಪಾಲು ಮದರಾಸಿನ, ಬೊಂಬಾಯಿಯ ಸಿಪಾಯಿಗಳು. ಅದರ ಮೇಲೆ ನಿಜಾಮನ ಸೈನ್ಯ. ಟಿಪ್ಪು ಕಡೆ ಫ್ರೆಂಚರಿದ್ದರು. ಬ್ರಿಟಿಷರ ಕಡೆ ಸ್ವಿಸ್ ಕೂಲಿ ಸೈನಿಕರ ಡಿ ಮ್ಯೂರಾನ್ ರೆಜಿಮೆಂಟ್ ಇತ್ತು. ಅವರಲ್ಲಿ ಎಷ್ಟೋ ಜನರ ಗೋರಿ ಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿದೆ. ಹೈವೇ ಪಕ್ಕದಲ್ಲೇ, ದಿನಾ ಬಸ್ಸಿನಲ್ಲಿ ದಾಟಿ ಹೋಗುತ್ತೇವೆ. ತೆರೆಯ ಮೇಲೆ ಮಾತ್ರ ಈ ಕಡೆ ಎಲ್ಲಾ ಕಂದು, ಆ ಕಡೆ ಎಲ್ಲಾ ಕೆಂಪು ಕೋಟಿನ ಬಿಳಿಯರು. ಸುಲಭ ಆಗುತ್ತಲ್ಲ ನೋಡೋಕೆ. ನಮ್ಮವರೇ ನಮ್ಮವರ ಕೋಟೆ ಒಡೆದರು ಅಂತ ತೋರಿಸೋಕೆ ಧೈರ್ಯ ಬೇಕು.

ಕೊಡಗಿನ ಕಾಫಿ
ಈಗ ಮೈಸೂರು ನಿವಾಸಿ. ಅಧಿಕಾರಿಗಳನ್ನು ತೋರಿಸಿದ್ದಾರಾ ಅಂತ ಕೇಳಿದರೂ ಉತ್ತರ ಇಲ್ಲ. ಮಡಿಕೇರಿಯ ತಿಮ್ಮಯ್ಯನವರು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಯುದ್ಧಭೂಮಿಯಲ್ಲಿ ಬ್ರಿಗೇಡ್ ನಡೆಸಿದ ಭಾರತೀಯ ಅಧಿಕಾರಿ. ಆಗ ನಮ್ಮ ಸೇನೆಯಲ್ಲಿ 25 ಲಕ್ಷ ಜನ. ಯುರೋಪಿನ ಸಿನಿಮಾಗಳನ್ನು ಬಿಡಿ, ಬರ್ಮಾ ಯುದ್ಧ ಅಂದರೆ ನಮ್ಮ ಮಕ್ಕಳಿಗೇ ಗೊತ್ತಿಲ್ಲ.

ಪ್ರೀಮಿಯರ್ ಹಿಂದಿನ ಬೀದಿ
ಓದುತ್ತಾ ಸುಮ್ಮನಿರೋಕೆ ಆಗಲಿಲ್ಲ. ಯುದ್ಧದ ಕಥೆಯಲ್ಲಿ ಯಾರು ಕಾಣುತ್ತಾರೆ ಅಂತ ಮಾತಾಡುತ್ತಿದ್ದೀರಿ. ಆ ಕಥೆಯನ್ನು ಶೂಟ್ ಮಾಡುವಾಗ ಸತ್ತವರು ನಮ್ಮೂರಲ್ಲೇ ಇದ್ದಾರೆ. 1989ರ ಫೆಬ್ರವರಿ 8, ಪ್ರೀಮಿಯರ್ ಸ್ಟುಡಿಯೋ. ಟಿಪ್ಪು ಸೀರಿಯಲ್‌ನ ಸೆಟ್‌ಗೆ ಬೆಂಕಿ ಬಿತ್ತು. 62 ಜನ ಹೋದರು. ದೇಶಕ್ಕೆಲ್ಲ ನೆನಪಿರುವುದು ನಾಯಕ ನಟರು ಸುಟ್ಟಗಾಯದಿಂದ ಬದುಕಿ ಬಂದದ್ದು. ಲೈಟ್ ಹಿಡಿದವರು, ಸೆಟ್ ಹಾಕಿದವರು, ಗುಂಪಿನಲ್ಲಿ ನಿಲ್ಲೋಕೆ ದಿನಗೂಲಿಗೆ ಬಂದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಹಳ್ಳಿಕಾರ್ ಅವರ ಮಾತು ಕ್ಯಾಮೆರಾ ಹಿಂದೆ ಇರುವವರಿಗೂ ಸಲ್ಲುತ್ತೆ.

ಪುಟ್ಟಿ ಸರಸ್ವತಿಪುರಂ
ನಮ್ಮ ತಂದೆ ಇವತ್ತಿಗೂ ಆ ರಸ್ತೆಯಲ್ಲಿ ಹೋದರೆ ಇದೇ ಮಾತು ತೆಗೆಯುತ್ತಾರೆ.

ಪಾಂಡವಪುರದ ಪೈಲ್ವಾನ್
ನಾನು ಹುಟ್ಟಿರಲಿಲ್ಲ ಆಗ. ಇದು ಗೊತ್ತೇ ಇರಲಿಲ್ಲ.

ಜಲದರ್ಶಿನಿ ರೋಡ್
ಮೂಲ ಪ್ರಶ್ನೆಗೆ ಬಂದರೆ, ಸರಿಯಾಗಿ ಮಾಡಿದ್ದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಸ್ಟೀವ್ ಮೆಕ್‌ಕ್ವೀನ್ ಅವರ ‘ಬ್ಲಿಟ್ಜ್’, 2024ರದ್ದು. 1940ರ ಲಂಡನ್, ಬಾಂಬ್ ಬೀಳುತ್ತಿರುವ ದಿನಗಳು. ಕಥೆ ಒಬ್ಬ ಮಿಶ್ರ ಜನಾಂಗದ ಹುಡುಗನದ್ದು. ಆಗಲೂ ಕೆಲವರು ‘ಅಷ್ಟೊಂದು ಕಪ್ಪು ಜನ ಎಲ್ಲಿಂದ ಬಂದರು’ ಅಂದರು. ಅದರಲ್ಲಿ ಬರುವ ನೈಜೀರಿಯಾದ ವಾರ್ಡನ್ ಪಾತ್ರಕ್ಕೆ ನಿಜವಾದ ಮನುಷ್ಯನೇ ಆಧಾರ. ಇಟಾ ಎಕ್‌ಪೆನ್ಯಾನ್ ಅಂತ. ಲಂಡನ್ನಿನ ಮ್ಯಾರಿಲ್‌ಬೋನ್‌ನಲ್ಲಿ ವಾರ್ಡನ್ ಆಗಿದ್ದವರು. ವಾರ್ಡನ್ ಕೈಯಲ್ಲಿ ಬಂದೂಕು ಇರಲ್ಲ, ಗಮನಿಸಿ. ಜನರನ್ನು ಆಶ್ರಯಕ್ಕೆ ಕಳಿಸುವುದು, ದೀಪ ಆರಿಸಿ ಅನ್ನುವುದು ಅವನ ಕೆಲಸ.

ಲೆಕ್ಕದ ಮನುಷ್ಯ
ಸಿನಿಮಾ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಈ ವಿಷಯದಲ್ಲಿ ಅವರನ್ನು ತಪ್ಪು ಅನ್ನಲಾರೆ. ಹುಡುಕಿದ್ದಾರೆ, ಸಿಕ್ಕಿದ್ದನ್ನು ಹಾಕಿದ್ದಾರೆ. ನೋಲನ್ ಅವರೂ ಹುಡುಕಿದ್ದರೆ ಸಿಗುತ್ತಿತ್ತು. ಎರಡು ಸೆಕೆಂಡ್, ಹಿಂದೆ ಒಂದು ಸಾಲು ಹೇಸರಗತ್ತೆ. ಖರ್ಚೂ ಇಲ್ಲ. ಆದರೆ ಅದಿಲ್ಲ ಅಂತ ಸಿನಿಮಾನೇ ಕೆಟ್ಟದ್ದು ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ.

ಪುಟ್ಟಿ ಸರಸ್ವತಿಪುರಂ
ಕೆಟ್ಟದ್ದು ಅಂತ ಯಾರು ಹೇಳಿದರು? ನಾನೂ ಮೂರು ಸಲ ನೋಡಿದ್ದೇನೆ.

ಸೀಬಯ್ಯನ ರೋಡ್ ಸ್ಟಾರ್
ಸ್ಟರ್ಲಿಂಗ್‌ನಲ್ಲಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ ಕಾಲ ಚೆನ್ನಾಗಿತ್ತು. ಈಗ ಮಾಲ್‌ನಲ್ಲಿ ಪಾಪ್‌ಕಾರ್ನ್ ಬೆಲೆಗೆ ಒಂದು ಹೊತ್ತು ಊಟ ಆಗುತ್ತೆ. ವಿಷಯ ಬೇರೆ ಅಂತ ಗೊತ್ತು, ಆದರೂ.

ಒಂಟಿಕೊಪ್ಪಲ್ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ತಿಂಗಳು ‘ಬ್ಲಿಟ್ಜ್’ ಹಾಕುತ್ತಿದ್ದೇವೆ. ಅದಕ್ಕೂ ಮೊದಲು ಒಂದು ಭಾನುವಾರ ಬೆಳಿಗ್ಗೆ ಗ್ಯಾರಿಸನ್ ಸ್ಮಶಾನ ನೋಡಿಕೊಂಡು ಬರೋಣ ಅಂತ ಇದ್ದೇವೆ. ಮೇಷ್ಟ್ರೇ, ನೀವು ಬಂದು ಹೇಳಬಹುದಾ? ಹಳ್ಳಿಕಾರ್ ಅಣ್ಣ, ಮದ್ದೂರಿನಿಂದ ನಿಮಗೂ ಹತ್ತಿರ.

ನಿವೃತ್ತ ಮೇಷ್ಟ್ರು
ಬರುತ್ತೇನೆ. ಬಿಸಿಲು ಏರುವ ಮೊದಲು ಇಟ್ಟುಕೊಳ್ಳಿ, ಮಂಡಿ ನೋವು.

ಮದ್ದೂರು ಹಳ್ಳಿಕಾರ್
ಹಾಲು ಡೈರಿಗೆ ಹಾಕಿ 8 ಗಂಟೆಗೆ ಹೊರಟರೆ ನಡೆಯುತ್ತಾ?

ಸಕ್ಕರೆ ನಾಡು
ನಾನೂ ಬರುತ್ತೇನೆ. ‘ಬ್ಲಿಟ್ಜ್’ಗೆ ಮಾತ್ರ ಸಬ್‌ಟೈಟಲ್ ಹಾಕಿ ಮಾರಾಯ್ರೆ.